ಮದ್ದು ಅಳೆಯುತ್ತಿದ್ದ ಆಂಟಿ

ಕಳೆದ ತಿಂಗಳು ಅವರು ತೀರಿಕೊಂಡಾಗ ಶೂಟಿಂಗ್ ಕ್ಲಬ್ಬಿನವರು ಕಾಡಿನಂಚಿನ ತಮ್ಮ ಪುಟ್ಟ ಮರದ ಮನೆಯಲ್ಲಿ ಕಾಫಿ ಇಟ್ಟು ನೆನಪಿನ ಸಭೆ ಮಾಡಿದರು. ನನಗೂ ಎರಡು ಮಾತಾಡಲು ಹೇಳಿದರು. ನಾನು ಎದ್ದು ನಿಂತು, ಅವರು ನನ್ನನ್ನು ಮನೆಮಗಳ ಹಾಗೆ ನೋಡಿಕೊಂಡರು ಎಂದು ಸ್ವೀಡಿಷ್‌ನಲ್ಲಿ ಹೇಳಿ ಕೂತುಬಿಟ್ಟೆ. ಅದು ಸುಳ್ಳಲ್ಲ. ಆದರೆ ಹೇಳಬೇಕಿದ್ದದ್ದು ಬೇರೆ ಇತ್ತು. ಅವರ ಜೊತೆ ಒಂದೇ ಸೂರಿನಡಿ ಕಳೆದ ನಾಲ್ಕು ವರ್ಷಗಳಲ್ಲಿ ನಾನು ಹೆದರದೆ ಇದ್ದ ದಿನಗಳು ಕಡಿಮೆ. ಶುರುವಿನಲ್ಲಿ ಅವರ ಮನೆಯ ನೆಲಮಾಳಿಗೆ ಕಂಡರೆ ಹೆದರಿಕೆಯಾಗುತ್ತಿತ್ತು. ಆಮೇಲಿನ ಹೆದರಿಕೆ ಬೇರೆ ಥರದ್ದು. ಅದನ್ನು ಸ್ವೀಡಿಷ್‌ನಲ್ಲಿ ಹೇಳುವಷ್ಟು ಭಾಷೆ ನನಗೆ ಬರುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಸ್ವೀಡನ್ನಿನ ಈ ವೆಸ್ಟೆರಾಸ್ ಊರಿನ ಕನ್ನಡದವರಿಗೆ ಹೆಸರಿಲ್ಲದೆಯೂ ಗುರುತು ಸಿಗಬಹುದು. ಸಿಕ್ಕವರು ಇದನ್ನು ದೂರು ಎಂದು ಓದಬಾರದು.

ನಾನು ಪಿಎಚ್‌ಡಿ ಮಾಡಲು ತುಮಕೂರಿನಿಂದ ಬಂದ ಹೊಸತರಲ್ಲಿ ಇರಲು ಜಾಗ ಸಿಗದೆ ಒದ್ದಾಡುತ್ತಿದ್ದೆ. ನಿವೃತ್ತರಾದ ಕನ್ನಡದ ಹೆಂಗಸೊಬ್ಬರು ಸಾಲುಮನೆಯೊಂದರಲ್ಲಿ ಒಂಟಿಯಾಗಿದ್ದಾರೆ, ಮೇಲಿನ ಕೋಣೆ ಖಾಲಿ ಇದೆ ಎಂದು ಯಾರೋ ಹೇಳಿದರು. ಬಾಗಿಲು ತೆಗೆದವರು ಕುಳ್ಳಗಿದ್ದರು. ಬೆಳ್ಳಗಾದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಒಂದು ಕನ್ನಡಕ ಕಣ್ಣಿನ ಮೇಲೆ, ಇನ್ನೊಂದು ತಲೆಯ ಮೇಲೆ. ಮೂವತ್ತು ವರ್ಷ ಇದೇ ಊರಿನ ಹೈ ವೋಲ್ಟೇಜ್ ಪರೀಕ್ಷಾಲಯದಲ್ಲಿ ಕೆಲಸ ಮಾಡಿದವರು. ಐದು ನಿಮಿಷದಲ್ಲಿ ಮನೆ ತೋರಿಸಿ ಮುಗಿಸಿದರು. ಕೊನೆಗೆ ನೆಲಮಾಳಿಗೆಗೆ ಇಳಿದು, "ಇದು ಬಟ್ಟೆ ಒಗೆಯೋ ರೂಮು. ಅದು ಮದ್ದಿನ ರೂಮು. ಅದಕ್ಕೆ ಬೀಗ ಇರುತ್ತೆ, ನೀನು ಹೋಗೋ ಹಾಗಿಲ್ಲ" ಅಂದರು.

ನಮ್ಮಜ್ಜಿ ಮಾತ್ರೆಗಳಿಗೆ ಮದ್ದು ಅನ್ನುತ್ತಿದ್ದಳು. ಪಾಪ, ಈ ವಯಸ್ಸಿಗೆ ಒಂದು ಕೋಣೆಯಷ್ಟು ಔಷಧಿ ಬೇಕೇ ಎಂದು ಮರುಗಿದೆ. ಎರಡು ವಾರ ಹಾಗೇ ಅಂದುಕೊಂಡಿದ್ದೆ. ಒಂದು ಶನಿವಾರ ಬೆಳಿಗ್ಗೆ ಕೆಳಗಿನಿಂದ ಕಟಕ್, ಕಟಕ್ ಎಂದು ಒಂದೇ ಸಮನೆ ಸದ್ದು ಬರುತ್ತಿತ್ತು. ಊಟದ ಹೊತ್ತಿಗೆ ಅವರು ಮೇಲೆ ಬಂದು, ಮೊಣಕೈತನಕ ತಣ್ಣೀರಿನಲ್ಲಿ ಸೋಪು ಹಾಕಿ ಉಜ್ಜಿಕೊಳ್ಳುತ್ತಿದ್ದಾಗ, ಮಾತ್ರೆ ಕುಟ್ಟುತ್ತಿದ್ದಿರಾ ಎಂದು ಕೇಳಿದೆ. ಅವರು ಕೈ ಒರೆಸುವುದನ್ನು ಬಿಟ್ಟು ನನ್ನ ಮುಖ ನೋಡಿದರು.

"ತೋಟಾ ಮಾಡ್ತಿದ್ದೆ. ಪಿಸ್ತೂಲಿನ ತೋಟಾ. ಮದ್ದು ಅಂದ್ರೆ ಕೋವಿ ಮದ್ದಮ್ಮ."

ಆಮೇಲೆ ಊಟಕ್ಕೆ ಕೂತು ಎಲ್ಲ ವಿವರಿಸಿದರು. ಇಲ್ಲಿ ಗುರಿ ಹೊಡೆಯುವುದು ಒಂದು ಆಟ, ಅದಕ್ಕೆ ಕ್ಲಬ್ಬು ಇದೆ, ಪೊಲೀಸರ ಪರವಾನಗಿ ಇದೆ, ಆಯುಧಗಳು ಉಕ್ಕಿನ ಕಪಾಟಿನಲ್ಲಿರುತ್ತವೆ. ಹೊಡೆದ ಮೇಲೆ ಕೆಳಗೆ ಬೀಳುವ ಹಿತ್ತಾಳೆಯ ಖಾಲಿ ಕೇಸನ್ನು ಆರಿಸಿ ತಂದು, ತೊಳೆದು, ಅಳತೆಗೆ ಒತ್ತಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಒಳಗೆ ಹೊಸ ಮದ್ದು, ಬಾಯಿಗೆ ಹೊಸ ಗುಂಡು ಕೂರಿಸಿದರೆ ಮತ್ತೆ ತೋಟಾ ಆಗುತ್ತದೆ. ತಾನು ತುಂಬಿದ್ದನ್ನು ತನ್ನ ಆಯುಧದಲ್ಲಿ ಮಾತ್ರ ಹೊಡೆಯುವುದು, ಬೇರೆಯವರಿಗೆ ಒಂದನ್ನೂ ಕೊಡುವುದಿಲ್ಲ ಅಂದರು. ನಾನು ತಲೆ ಆಡಿಸುತ್ತಲೇ ಇದ್ದೆ. ನನ್ನ ಮಂಚದಿಂದ ನೇರ ಎರಡು ಅಂತಸ್ತು ಕೆಳಗೆ ಮರದ ಪೆಟ್ಟಿಗೆಯಲ್ಲಿ ಮದ್ದಿದೆ ಎನ್ನುವುದಷ್ಟೇ ತಲೆಯಲ್ಲಿ ತಿರುಗುತ್ತಿತ್ತು. ಅಮ್ಮ ಫೋನು ಮಾಡಿದಾಗ, ಆಂಟಿ ನಿವೃತ್ತರಾದ ಮೇಲೆ ಹೊಲಿಗೆ ಹಾಕಿಕೊಂಡಿದ್ದಾರೆ ಅಂದೆ.

ಬಿಟ್ಟುಹೋಗಬೇಕೆಂದು ಮೂರು ತಿಂಗಳು ಬೇರೆ ಕೋಣೆ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಅವರು ಮಾಡುವ ಬೇಳೆಸಾರು, ಭಾನುವಾರದ ಅವರೆಕಾಳು ಉಪ್ಪಿಟ್ಟು, ಬಸ್ಸಿಗೆ ತಡವಾದರೆ ಕೇಳದೆಯೇ ಕಾರು ತೆಗೆಯುವ ರೀತಿ, ಎಲ್ಲ ಸೇರಿ ನನ್ನನ್ನು ಅಲ್ಲೇ ಉಳಿಸಿಕೊಂಡವು.

ಕೊನೆಗೊಂದು ದಿನ ಅವರೇ, ಏನು ಅಂತ ನೋಡಿಬಿಟ್ಟರೆ ಭಯ ಕಡಿಮೆಯಾದೀತು, ಬಂದು ನೋಡು ಅಂದರು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರಬೇಕು, ಫೋನು ಮೇಲೆ ಬಿಟ್ಟು ಬರಬೇಕು, ಬಾಯಿ ಬಿಡಬಾರದು. ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣದ ಪ್ರೆಸ್ಸು, ಒಂದು ಸಣ್ಣ ತಕ್ಕಡಿ, ತೂತು ತೂತಿನ ಮರದ ಹಲಗೆಯಲ್ಲಿ ಐವತ್ತು ಹಿತ್ತಾಳೆ ಕೇಸುಗಳು. ಮದ್ದಿನ ಬಾಟಲಿ ಒಂದೇ. ಎರಡನೆಯದು ಎಷ್ಟೇ ಬೇಕೆನಿಸಿದರೂ ಮೊದಲಿನದು ಪೆಟ್ಟಿಗೆಗೆ ಹೋಗಿ ಮುಚ್ಚಳ ಬೀಳುವ ತನಕ ಹೊರಗೆ ಬರುವಂತಿಲ್ಲ. ಅವರು ಹಳೆಯ ಲ್ಯಾಬ್ ಕೋಟು ತೊಟ್ಟು, ತಲೆ ಮೇಲಿನ ಕನ್ನಡಕವನ್ನು ಕೆಳಗಿಳಿಸಿ, ಹಿಡಿಯನ್ನು ಎಳೆದು ಬಿಡುತ್ತಿದ್ದರು. ಮದ್ದು ತುಂಬಿದ ಮೇಲೆ ಸಣ್ಣ ಟಾರ್ಚು ಹಿಡಿದು ಐವತ್ತೂ ಕೇಸುಗಳ ಬಾಯೊಳಗೆ ಒಂದೊಂದಾಗಿ ಇಣುಕುತ್ತಿದ್ದರು. ಎಲ್ಲದರಲ್ಲೂ ಒಂದೇ ಮಟ್ಟ ಇದೆಯೇ ಎಂದು ನೋಡಿದ ಮೇಲೆಯೇ ಗುಂಡು ಕೂರಿಸುವುದು.

ಆ ದಿನ ನನಗೆ ಸೀನು ಬಂತು. ಅವರ ಕೈ ನಿಂತಿತು. ಹಲಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿ ಆಗಿತ್ತು. ಅಷ್ಟೂ ಕೇಸುಗಳ ಮದ್ದನ್ನು ಬಾಟಲಿಗೆ ಸುರಿದು ಮೊದಲಿನಿಂದ ಶುರು ಮಾಡಿದರು. ಮೇಲೆ ಬಂದ ಮೇಲೆ ನಾನು ಕ್ಷಮೆ ಕೇಳಿದೆ. "ಎಲ್ಲಿದ್ದೆ ಅಂತ ಗೊತ್ತಿಲ್ಲ ಅಂದ್ರೆ ಎಲ್ಲೂ ಇಲ್ಲ ಅಂತಲೇ ಲೆಕ್ಕ" ಅಂದರು. ಲ್ಯಾಬಿನಲ್ಲೂ ಅವರು ಹಾಗೇ ಇದ್ದರಂತೆ. ಪರೀಕ್ಷೆಯ ನಡುವೆ ಯಾರಾದರೂ ಗುಡ್ ಮಾರ್ನಿಂಗ್ ಅಂದರೆ ವೋಲ್ಟೇಜು ಸೊನ್ನೆಗೆ ಇಳಿಸಿ, ವಂದನೆ ಸ್ವೀಕರಿಸಿ, ಮತ್ತೆ ಏರಿಸುತ್ತಿದ್ದರಂತೆ. ಇದನ್ನು ಅವರ ಹಳೆಯ ಸಹೋದ್ಯೋಗಿಗಳು ನಗುತ್ತಾ ಹೇಳುತ್ತಾರೆ. ಅವರು ಮಾತ್ರ ಇದರಲ್ಲಿ ನಗುವುದಕ್ಕೆ ಏನಿದೆ ಎಂದು ಕೇಳುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಕಾಲನಿಯಲ್ಲಿ. ಅವರಪ್ಪ ಗಣಿಯ ಮದ್ದಿನ ಮನೆಯಲ್ಲಿ ಕೆಲಸಕ್ಕಿದ್ದರು. ಪಾಳಿ ಶುರುವಾಗುವಾಗ ಬಂಡೆ ಸಿಡಿಸುವವರಿಗೆ ಸಿಡಿಮದ್ದಿನ ಕಡ್ಡಿಗಳನ್ನು ಎಣಿಸಿ ಕೊಡುವುದು, ಉಳಿದದ್ದನ್ನು ಎಣಿಸಿ ವಾಪಸು ಇಡುವುದು. ಸಂಜೆ ಮದ್ದಿನ ವಾಸನೆಗೆ ತಲೆ ಸಿಡಿಯುತ್ತಾ ಬರುತ್ತಿದ್ದ ಅಪ್ಪ, ಸ್ನಾನ ಮಾಡುವ ತನಕ ಮಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲವಂತೆ. ಆಗಾಗ ಭೂಮಿಯೊಳಗೆ ಬಂಡೆ ಸಿಡಿದು ಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಆಗ ಅಮ್ಮ ಬಾಗಿಲಿಗೆ ಬಂದು ಗಣಿಯ ದಿಕ್ಕು ನೋಡುತ್ತಾ ನಿಲ್ಲುತ್ತಿದ್ದಳು, ಪಾತ್ರೆ ಸದ್ದು ನಿಂತ ಎಷ್ಟೋ ಹೊತ್ತಿನ ತನಕ. ಈ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಕೊತ್ತಂಬರಿ ಸೊಪ್ಪು ಬಿಡಿಸುತ್ತಾ.

ತೋಟಾ ತುಂಬುವುದನ್ನು ಮನೆಗೆ ತಂದದ್ದು ಅವರಲ್ಲ, ಗಂಡ. ಅವರೂ ಎಂಜಿನಿಯರು, ಖುಷಿಯ ಮನುಷ್ಯ. ರೇಡಿಯೋ ಹಾಕಿಕೊಂಡು, ಫೋನಿನಲ್ಲಿ ಹರಟುತ್ತಾ ತುಂಬುತ್ತಿದ್ದರಂತೆ. ಒಂದು ದಿನ ಅವರ ತೋಟಾವೊಂದು ಹದ ಮೀರಿ ಸಿಡಿದು ಪಿಸ್ತೂಲಿನ ಹಿಡಿ ಸೀಳಿತು, ಅಂಗೈಗೆ ನಾಲ್ಕು ಹೊಲಿಗೆ ಬಿತ್ತು. ಆಸ್ಪತ್ರೆಯಿಂದ ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ಹೇಳಿದರಂತೆ: "ಇನ್ಮೇಲೆ ಅಡುಗೆ ನೀವು ಮಾಡಿ, ಇದನ್ನ ನಾನು ಮಾಡ್ತೀನಿ." ಆ ವರ್ಷವೇ ತಾವೂ ಕ್ಲಬ್ಬು ಸೇರಿ, ತರಬೇತಿ ಮುಗಿಸಿ, ಪರವಾನಗಿ ಪಡೆದರು. ಗಂಡ ತೀರಿಕೊಂಡು ಹತ್ತಿರ ಹತ್ತಿರ ಹತ್ತು ವರ್ಷವಾದರೂ ಬಿಡಲಿಲ್ಲ. ಮಣಿಕಟ್ಟು ನೋಯಲು ಶುರುವಾದಾಗ ಪಿಸ್ತೂಲಿನ ಜೊತೆಗೆ ಒಂದು ಕಾರ್ಬೈನ್ ತೆಗೆದುಕೊಂಡರು. ಭುಜಕ್ಕೆ ಒರಗಿಸಿ ಹೊಡೆಯುವ ಗಿಡ್ಡ ಬಂದೂಕು. ಅದಕ್ಕೂ ಅದೇ ಪಿಸ್ತೂಲಿನ ತೋಟಾ ಆಗುತ್ತದೆ. ಆದರೆ ನಳಿಗೆ ಉದ್ದ, ಅದಕ್ಕೆ ಬೇರೆ ಮದ್ದು ಚೆನ್ನ ಎನ್ನುವುದು ಅವರ ಅಭಿಪ್ರಾಯ. ಹಾಗಾಗಿ ಪೆಟ್ಟಿಗೆಯಲ್ಲಿ ಎರಡು ಬಗೆ ಮದ್ದು ಇರುತ್ತಿತ್ತು. ಪಿಸ್ತೂಲಿನದು ಬೂದು ಬಣ್ಣದ ಚಪ್ಪಟೆ ಚೂರು, ಬೇಗ ಉರಿಯುತ್ತದೆ, ಚೂರೇ ಚೂರು ಸಾಕು. ಕಾರ್ಬೈನಿನದು ಗಸಗಸೆಯ ಹಾಗೆ ದುಂಡಗೆ, ನಿಧಾನ ಉರಿಯುತ್ತದೆ, ಹೆಚ್ಚು ಬೇಕು. ಒಂದರ ಅಳತೆಗೆ ಇನ್ನೊಂದು ಬಿದ್ದರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ. ಅವರು ಗಂಡನ ಗಾಯವನ್ನು ತಮ್ಮ ಅಂಗೈ ಮೇಲೆ ಗೆರೆ ಎಳೆದು ತೋರಿಸಿ, ಅದರ ಎಷ್ಟೋ ಪಾಲು ಎನ್ನುವಂತೆ ಎರಡೂ ಕೈ ಅಗಲಿಸಿದರು.

ಎರಡನೆಯ ವರ್ಷ ನನ್ನನ್ನು ಕ್ಲಬ್ಬಿಗೆ ಕರೆದುಕೊಂಡು ಹೋದರು. ಅವರು ಪಕ್ಕದಲ್ಲೇ ನಿಂತಿದ್ದರೆ ಅವರ ಪಿಸ್ತೂಲು ನಾನು ಹಿಡಿಯಬಹುದಿತ್ತು. ಮೊದಲ ಸದ್ದಿಗೇ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದೆ. ಅವರು ನಗಲಿಲ್ಲ, ಬೆನ್ನ ಮೇಲೆ ಕೈಯಿಟ್ಟು ನಿಂತರು. ನಾಲ್ಕೈದು ಸಲ ಹೋದ ಮೇಲೆ ಗುಂಡು ಗುರಿಹಲಗೆಗೆ ಬೀಳತೊಡಗಿತು.

ಒಂದು ದಿನ ಪಿಸ್ತೂಲಿನ ಕುದುರೆ ಎಳೆದಾಗ ಢಂ ಅನ್ನುವ ಬದಲು ಟಪ್ ಎಂದಷ್ಟೇ ಸದ್ದಾಯಿತು. ಪಿಸ್ತೂಲಿನ ಮೇಲ್ಭಾಗ ತಾನಾಗಿ ಹಿಂದೆ ಸರಿಯಲಿಲ್ಲ. ತೋಟಾ ಕೆಟ್ಟಿರಬೇಕು ಅಂದುಕೊಂಡು, ಅವರು ಕಲಿಸಿದ್ದ ಹಾಗೆ ಕೈಯಿಂದ ಎಳೆದು ಅದನ್ನು ಹೊರಹಾಕಿ, ಮುಂದಿನದಕ್ಕೆ ಗುರಿ ಹಿಡಿದೆ.

"ಬೆರಳು ತೆಗಿ. ಸುಮಾ, ಬೆರಳು ತೆಗಿ."

ಅಷ್ಟು ಮೆಲ್ಲಗೆ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲೆ ಇಡಿಸಿ, ತೋಟಾಗಳನ್ನೆಲ್ಲ ತೆಗೆದು, ನಳಿಗೆಯೊಳಗೆ ಒಂದು ಸಣ್ಣ ಸಲಾಕೆ ಇಳಿಸಿದರು. ಅದು ಅರ್ಧದಲ್ಲಿ ನಿಂತಿತು. ಒಂದು ಕೇಸಿಗೆ ಮದ್ದೇ ಬಿದ್ದಿರಲಿಲ್ಲ. ಕೇಪಿನ ಶಕ್ತಿಗೆ ಗುಂಡು ನಳಿಗೆಯ ಅರ್ಧ ದಾರಿ ಹೋಗಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದನ್ನು ಹೊಡೆದಿದ್ದರೆ ನಳಿಗೆ ಸೀಳಿ ನನ್ನ ಕೈಯಲ್ಲೇ ಒಡೆಯುತ್ತಿತ್ತು. ಅವರ ತುಟಿ ಬಿಳಿಚಿಕೊಂಡಿತ್ತು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಆಡಿದರು: "ಟಾರ್ಚ್ ಬಿಟ್ಟು ನೋಡಿದ್ನಾ ಇಲ್ವಾ, ನೆನಪೇ ಬರ್ತಿಲ್ಲ." ಆ ಸಲ ತುಂಬಿದ್ದ ತೋಟಾಗಳನ್ನೆಲ್ಲ ಮೂರು ದಿನ ಕೂತು ಒಡೆದರು. ಅದಕ್ಕೆ ಸುತ್ತಿಗೆಯ ಆಕಾರದ ಒಂದು ಪ್ಲಾಸ್ಟಿಕ್ ಸಾಧನ ಇದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು, ಮದ್ದು, ಕೇಸು ಬೇರೆಯಾಗುತ್ತವೆ. ಆ ಬಡಿತ ಮೂರು ದಿನವೂ ಮೇಲಿನ ನನ್ನ ಕೋಣೆಗೆ ಕೇಳಿಸುತ್ತಿತ್ತು. ಉಳಿದವೆಲ್ಲ ಸರಿ ಇದ್ದವು. ನಾನು ಮತ್ತೆ ಪಿಸ್ತೂಲು ಮುಟ್ಟಲಿಲ್ಲ. ಅವರೂ ಕರೆಯಲಿಲ್ಲ.

ಅದನ್ನು ಒಂದು ಸಣ್ಣ ತಪ್ಪು ಎಂದೇ ನಾನು ಮರೆತೆ. ಆದರೆ ಅದರ ಮುಂದಿನ ಚಳಿಗಾಲ ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಊಟ ಆಯ್ತಾ ಎಂದು ಕೇಳಿ, ಆಯಿತು ಅಂದ ಮೇಲೆ ತಟ್ಟೆ ತಂದಿಡುತ್ತಿದ್ದರು. ಒಮ್ಮೆ ಅಂಗಡಿಯಿಂದ ಫೋನು ಮಾಡಿ, ಕಾರು ಎಲ್ಲಿ ನಿಲ್ಲಿಸಿದೆ ಎಂದು ನನ್ನನ್ನು ಕೇಳಿದರು. ನಾನು ಯೂನಿವರ್ಸಿಟಿಯಲ್ಲಿದ್ದೆ. ಆಮೇಲೆ ಅವರೇ ಅದನ್ನು ತಮಾಷೆ ಮಾಡಿದರು, ನಾನೂ ನಕ್ಕೆ. ಕತ್ತಲೆಯ ತಿಂಗಳುಗಳಲ್ಲಿ ಇಲ್ಲಿ ಎಲ್ಲರಿಗೂ ಹೀಗೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡದ್ದು ನಂಬಿಕೆಯಿಂದಲ್ಲ. ಬೇರೆ ಕಾರಣವನ್ನು ಯೋಚಿಸಲು ಧೈರ್ಯ ಇರಲಿಲ್ಲ.

ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಹೀಟರ್ ನೋಡಲು ಹೌಸಿಂಗ್ ಸಂಘದವನು ಬಂದ. ಅವರನ್ನು ಕರೆಯಲು ಕೆಳಗೆ ಹೋದೆ. ಮೆಟ್ಟಿಲ ಮೇಲೇ ಹಾಡು ಕೇಳಿಸಿತು. ಮದ್ದಿನ ಕೋಣೆಯಲ್ಲಿ ಹಾಡು! ಬಾಗಿಲು ಅರ್ಧ ತೆರೆದಿತ್ತು. ಫೋನು ತಕ್ಕಡಿಯ ಪಕ್ಕದಲ್ಲೇ ದೇವರನಾಮ ಹಾಡುತ್ತಿತ್ತು. ಮೇಜಿನ ಮೇಲೆ ಎರಡು ಬಾಟಲಿ, ಎರಡಕ್ಕೂ ಮುಚ್ಚಳ ಇಲ್ಲ. ಅವರು ಪ್ರೆಸ್ಸಿನ ಮೇಲೆ ಮದ್ದು ಅಳೆದು ಬಿಡುವ ಡಬ್ಬಿಯಲ್ಲಿ ಉಳಿದದ್ದನ್ನು ಕಾರ್ಬೈನಿನ ಬಾಟಲಿಗೆ ಸುರಿಯುತ್ತಿದ್ದರು. ನಾನಿದ್ದ ಜಾಗಕ್ಕೆ ಕಾಣುತ್ತಿತ್ತು: ಬೀಳುತ್ತಿದ್ದದ್ದು ಗಸಗಸೆಯಲ್ಲ, ಬೂದು ಬಣ್ಣದ ಚಪ್ಪಟೆ ಚೂರು. ಪಕ್ಕದಲ್ಲಿ, ಕಾರ್ಬೈನ್ ಎಂದು ಬರೆದ ಮೂರು ಪೆಟ್ಟಿಗೆಗಳಲ್ಲಿ ತುಂಬಿ ಮುಗಿಸಿದ ನೂರೈವತ್ತು ತೋಟಾಗಳು ಸಾಲಾಗಿ ಕೂತಿದ್ದವು.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಆಂಟಿ, ಎರಡು ಬಾಟ್ಲಿ ಇದೆ."

ಅವರು ಬಾಟಲಿಗಳನ್ನು ನೋಡಿದರು. "ಒಂದನ್ನ ಈಗ ಎತ್ತಿಡ್ತಾ ಇದ್ದೆ."

"ಅದಲ್ಲ. ಚಪ್ಪಟೆ ಮದ್ದನ್ನ ನೀವು ಅದ್ರೊಳಗೆ..."

ಅವರು ಬಾಟಲಿಯ ಬಾಯಿಗೆ ಅಂಗೈ ಮುಚ್ಚಿದರು. ಹಾಡು ಇನ್ನೂ ನಡೆಯುತ್ತಲೇ ಇತ್ತು. "ನೀವು ಮೇಲೆ ಹೋಗಿ" ಅಂದರು.

ಮೂರು ವರ್ಷದಲ್ಲಿ ಅವರು ನನಗೆ ಎಂದೂ ನೀವು ಅಂದವರಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮುಂದಿನ ಶನಿವಾರ ಕ್ಲಬ್ಬಿನ ವಸಂತದ ಪಂದ್ಯ ಇತ್ತು. ಆ ನೂರೈವತ್ತು ತೋಟಾ ಅದಕ್ಕೇ ತುಂಬಿದ್ದು. ಕಾರ್ಬೈನನ್ನು ಅವರು ಕೆನ್ನೆಗೆ ಒತ್ತಿ ಹಿಡಿದು ಹೊಡೆಯುತ್ತಾರೆ. ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು ನಿಂತಿರುತ್ತಾರೆ. ನನಗೆ ಬೇರೆ ಯೋಚನೆಯೇ ಬರುತ್ತಿರಲಿಲ್ಲ. ಯೂನಿವರ್ಸಿಟಿಯಲ್ಲಿ ಸ್ಕ್ರೀನು ನೋಡುತ್ತಾ ಕೂತರೆ ಅವರ ಕೆನ್ನೆಯೇ ಕಾಣುತ್ತಿತ್ತು. ಪೊಲೀಸರಿಗೆ ಹೇಳುವುದೇ? ಮನೆ ಮುಂದೆ ಪೊಲೀಸ್ ಕಾರು ನಿಂತರೆ ಅವರು ಆ ಬೀದಿಯಲ್ಲಿ ಮತ್ತೆ ತಲೆ ಎತ್ತುತ್ತಾರೆಯೇ? ನಾನು ಕಂಡದ್ದೇ ತಪ್ಪಾಗಿದ್ದರೆ? ಸೋಮವಾರ ಧೈರ್ಯ ಮಾಡಿ, ಹತ್ತು ತೋಟಾ ಒಡೆದು ನೋಡೋಣ ಆಂಟಿ, ಸಮಾಧಾನಕ್ಕೆ ಎಂದು ಕೇಳಿಕೊಂಡೆ. "ನಿಮ್ಮ ಥೀಸಿಸ್ಸನ್ನ ನಾನು ಒಡೆದು ನೋಡ್ತೀನಾ?" ಎಂದು ಕೇಳಿ ಎದ್ದು ಹೋದರು. ಅವರ ಪೆಟ್ಟಿಗೆಗಳನ್ನು ಕದ್ದು ಬಚ್ಚಿಡುವ ಯೋಚನೆಯೂ ಬಂತು. ಆದರೆ ಪರವಾನಗಿ ಇಲ್ಲದ ನಾನು ಅವನ್ನು ಮುಟ್ಟುವುದೇ ಅಪರಾಧ, ಮೇಲಾಗಿ ನನಗೆ ಅವನ್ನು ಎತ್ತುವುದಕ್ಕೇ ಭಯ.

ಬುಧವಾರ ಬಸ್ಸು ಹಿಡಿದು ಕ್ಲಬ್ಬಿನ ಅಧ್ಯಕ್ಷರ ಮನೆಗೆ ಹೋದೆ. ಬೆಂಗ್ಟ್ ಎಂದು ಅವರ ಹೆಸರು, ನಿವೃತ್ತ ರೈಲು ಚಾಲಕ. ಆಂಟಿಗೂ ಅವರ ಗಂಡನಿಗೂ ಇಪ್ಪತ್ತೈದು ವರ್ಷದ ಗೆಳೆಯ. ಅವರ ಅಡುಗೆಮನೆಯಲ್ಲಿ ಕೂತು ನನ್ನ ಹರುಕು ಮುರುಕು ಸ್ವೀಡಿಷ್‌ನಲ್ಲಿ ಎಲ್ಲ ಹೇಳಿದೆ. ಹೇಳುತ್ತಾ ಅಳು ಬಂತು, ಆಗ ಇಂಗ್ಲಿಷಿಗೆ ಹೊರಳಿದೆ. ಬೆಂಗ್ಟ್ ನನ್ನ ಮುಂದೆ ಒಂದು ಲೋಟ ನೀರು ಇಟ್ಟರು. ಆಮೇಲೆ, ಚಳಿಗಾಲದಲ್ಲಿ ನಾನೂ ಗಮನಿಸಿದ್ದೆ, ಗುರಿಹಲಗೆ ಬದಲಿಸಲು ಜನ ಮುಂದೆ ಹೋಗಿದ್ದಾಗ ಆಕೆ ಆಯುಧಕ್ಕೆ ಕೈ ಹಾಕಿದ್ದಳು, ನಾನು ಮೆಲ್ಲಗೆ ಕೈ ಹಿಡಿದುಕೊಂಡೆ, ಯಾರಿಗೂ ಹೇಳಲಿಲ್ಲ ಅಂದರು. ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಅವರ ಮುಖದಲ್ಲಿ ನನ್ನದೇ ಹೆದರಿಕೆ ಕಾಣುತ್ತಿತ್ತು.

ಮರುದಿನ ಮಧ್ಯಾಹ್ನ ಬೆಂಗ್ಟ್ ದಾಲ್ಚಿನ್ನಿ ಬನ್ನು ಕಟ್ಟಿಸಿಕೊಂಡು ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಹರಟೆಗೆ, ಬಂದರು. ಹೇಳದೆ ಕೇಳದೆ ಯಾರ ಮನೆಗೂ ಹೋಗದ ಊರು ಇದು. ಬಾಗಿಲು ತೆಗೆದ ಕೂಡಲೇ ಆಂಟಿಗೆ ತಿಳಿಯಿತು. ಕಾಫಿ ಬಗ್ಗಿಸಿದರು, ಬನ್ನು ಹಂಚಿದರು. ಬೆಂಗ್ಟ್ ನಿಧಾನವಾಗಿ, ಶನಿವಾರದ ತೋಟಾಗಳಲ್ಲಿ ಹತ್ತನ್ನು ತನ್ನೆದುರು ಒಡೆದು ತೋರಿಸುತ್ತೀಯಾ, ಬೇರೆ ಯಾರ ವಿಷಯದಲ್ಲಾದರೂ ನೀನೇ ಇದನ್ನು ಕೇಳುತ್ತಿದ್ದೆ ಅಂದರು. ಆಂಟಿ ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು:

"ಯಾರು ಹೇಳಿದ್ದು?"

"ನಾನು ಆಂಟಿ."

ತಲೆ ಆಡಿಸಿ ಎದ್ದರು. ಮೂವರೂ ಕೆಳಗಿಳಿದೆವು. ಅವರು ಲ್ಯಾಬ್ ಕೋಟು ತೊಟ್ಟು, ಗುಂಡಿ ಹಾಕಿ, ಮೂರು ಪೆಟ್ಟಿಗೆಗಳಿಂದ ಹತ್ತು ತೋಟಾಗಳನ್ನು ತಾವೇ ಆರಿಸಿದರು. ಬಿಳಿ ಹಾಳೆ ಹಾಸಿದರು. ಒಂದನ್ನು ಸಿಕ್ಕಿಸಿ ದಿಮ್ಮಿಗೆ ಬಡಿದರು. ಹಾಳೆಯ ಮೇಲೆ ಗಸಗಸೆಯಂಥ ಕರಿ ಮದ್ದು ಬಿತ್ತು. ತೂಗಿದರು, ಸರಿ ಇತ್ತು. ಎರಡನೆಯದೂ ಸರಿ. ಮೂರನೆಯದೂ. ನನ್ನ ಮಾತೇ ಸುಳ್ಳಾಗಲಿ, ನನ್ನನ್ನು ಈ ಮನೆಯಿಂದ ಹೊರಗೆ ಹಾಕಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆರನೆಯದೂ ಸರಿ ಇದ್ದಾಗ ಆಂಟಿ ಬೆಂಗ್ಟ್‌ರ ಕಡೆ ಒಮ್ಮೆ ನೋಡಿದರು.

ಏಳನೆಯದರಿಂದ ಬೂದು ಚೂರುಗಳು ಸುರಿದವು. ಪಿಸ್ತೂಲಿನ ಮದ್ದು, ಅದೂ ಕಾರ್ಬೈನಿನ ಅಳತೆಯಲ್ಲಿ; ಕೇಸಿನ ಬಾಯಿತನಕ ತುಂಬಿ ಗುಂಡಿನಿಂದ ಒತ್ತಿದ್ದರಿಂದ ಒಂದಿಷ್ಟು ಒಳಗೇ ಅಂಟಿಕೊಂಡಿತ್ತು. ಅವರು ಕಡ್ಡಿಯಿಂದ ಕೆರೆದು ಅದನ್ನೂ ಹಾಳೆಗೆ ಹಾಕಿದರು. ಬೆಂಗ್ಟ್ ಕನ್ನಡಕ ತೆಗೆದು ಗೋಡೆಗೆ ಒರಗಿದರು. ಆಂಟಿ ಆ ಚೂರುಗಳನ್ನು ಬೆರಳ ತುದಿಯಿಂದ ಹರಡಿ, ಬಗ್ಗಿ ನೋಡಿದರು, ಎದ್ದು ನೋಡಿದರು.

"ಸುಮಾ, ಇದನ್ನ ನೋಡಿದ್ರೆ ನಂಗೆ ಎದೆ ಝಲ್ ಅನ್ಬೇಕಿತ್ತು" ಅಂದರು. "ಅನ್ತಿಲ್ಲ ಕಣೇ. ಏನೂ ಅನ್ನಿಸ್ತಿಲ್ಲ."

ಉಳಿದ ಮೂರನ್ನು ಒಡೆಯಲಿಲ್ಲ. ಕೋಟಿನ ಜೇಬಿನಿಂದ ಕೋಣೆಯ ಕೀ, ಮದ್ದಿನ ಪೆಟ್ಟಿಗೆಯ ಕೀ, ಉಕ್ಕಿನ ಕಪಾಟಿನ ಕೀ ಮೂರೂ ಇದ್ದ ಗೊಂಚಲು ತೆಗೆದು ಬೆಂಗ್ಟ್‌ರ ಕೈಗೆ ಕೊಟ್ಟರು. ಪೊಲೀಸರಿಗೆ ನಾನೇ ಫೋನು ಮಾಡುತ್ತೇನೆ, ನೀನು ಪಕ್ಕದಲ್ಲಿ ಕೂತಿರು ಎಂದು ಸ್ವೀಡಿಷ್‌ನಲ್ಲಿ ಹೇಳಿದರು. ಆಮೇಲೆ ಮೇಲೆ ಬಂದು, ತಣ್ಣೀರಿನಲ್ಲಿ ಮೊಣಕೈತನಕ ಕೈ ತೊಳೆದುಕೊಂಡರು. ಫೋನು ಮಾಡುವಾಗ ಅವರ ದನಿಯಲ್ಲಿ ಪರೀಕ್ಷಾಲಯದ ವರದಿ ಓದುವವರ ನಿಧಾನ ಇತ್ತು.

ವಾರದೊಳಗೆ ಇಬ್ಬರು ಪೊಲೀಸರು ಸದ್ದಿಲ್ಲದೆ ಬಂದು ಆಯುಧಗಳನ್ನೂ ತೋಟಾಗಳನ್ನೂ ಮದ್ದನ್ನೂ ತೆಗೆದುಕೊಂಡು ಹೋದರು. ಪ್ರೆಸ್ಸನ್ನು ಬೆಂಗ್ಟ್ ಬಿಚ್ಚಿ ಕ್ಲಬ್ಬಿಗೆ ಒಯ್ದರು. ಆಮೇಲೆ ಆರೋಗ್ಯ ಕೇಂದ್ರ, ಅಲ್ಲಿಂದ ಆಸ್ಪತ್ರೆ, ಗಡಿಯಾರದ ಚಿತ್ರ ಬರೆಸುವ ಪರೀಕ್ಷೆ. ವೈದ್ಯೆ ಮರೆವಿನ ಕಾಯಿಲೆಯ ಹೆಸರು ಹೇಳಿದಾಗ ನಾನು ಪಕ್ಕದಲ್ಲಿದ್ದೆ. ಅವರು ನನ್ನನ್ನು ಮತ್ತೆ ನೀನು ಅನ್ನತೊಡಗಿದ್ದರು. ಅದು ಕ್ಷಮಿಸಿದ್ದರಿಂದಲೋ, ಸಿಟ್ಟಾದದ್ದು ಮರೆತಿದ್ದರಿಂದಲೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ಇನ್ನೊಂದು ವರ್ಷ ಅವರ ಜೊತೆಗೇ ಇದ್ದೆ. ಕಷ್ಟದ ವರ್ಷ. ಅವರು ನೆಲಮಾಳಿಗೆಗೆ ಇಳಿದು, ಬೋಲ್ಟಿನ ತೂತು ಉಳಿದ ಬರಿದಾದ ಮೇಜು ನೋಡಿ, ಮೇಲೆ ಬಂದು ಕೇಳುತ್ತಿದ್ದರು: "ನನ್ನ ಪ್ರೆಸ್ ಎಲ್ಲಿ?" ಮೊದಲು ಮೊದಲು, ರಿಪೇರಿಗೆ ಹೋಗಿದೆ ಅಂದೆ. ಸುಳ್ಳು ಹೇಳಿದ ದಿನ ಅವರು ಅದರ ದಾರಿ ಕಾಯುತ್ತಾ ಕಿಟಕಿಯ ಹತ್ತಿರ ಕೂರುತ್ತಿದ್ದರು. ಅದನ್ನು ನೋಡಲಾರದೆ ನಿಜ ಹೇಳಲು ಶುರುಮಾಡಿದೆ. ನಿಜ ಹೇಳಿದರೆ ಮುಂದಿನ ಪ್ರಶ್ನೆ ತಪ್ಪದೆ ಬರುತ್ತಿತ್ತು, ಯಾರು ಹೇಳಿದ್ದು ಎಂದು. ನಾನು ಎಂದು ಪ್ರತಿ ಸಲವೂ ಹೊಸದಾಗಿ ಒಪ್ಪಿಕೊಳ್ಳಬೇಕು. ಕೆಲವು ದಿನ ಅವರು, ಯಾರಿಗಾದರೂ ಏಟಾಯಿತಾ ಎಂದು ಕೇಳಿ, ಇಲ್ಲ ಅಂದ ಮೇಲೆ, ಒಳ್ಳೇ ಕೆಲಸ ಮಾಡಿದೆ ಬಿಡು ಅನ್ನುತ್ತಿದ್ದರು. ಕೆಲವು ದಿನ, ನಂಬಿ ಮನೆಯೊಳಗೆ ಇಟ್ಟುಕೊಂಡದ್ದಕ್ಕೆ ಹೀಗೆ ಮಾಡಿದೆಯಾ ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾವ ಉತ್ತರ ಬರುತ್ತದೆ ಎಂದು ಮೊದಲೇ ಹೇಳಲು ಆಗುತ್ತಿರಲಿಲ್ಲ. ಅವರು ನೆಲಮಾಳಿಗೆಯ ಮೆಟ್ಟಿಲು ಇಳಿಯುವ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಅವರು ಮೇಲೆ ಬರುವುದನ್ನೇ ಕಾಯುತ್ತಿದ್ದೆ.

ಆಮೇಲೆ ಕೊಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ವೃದ್ಧರ ಆರೈಕೆ ಮನೆಯಲ್ಲಿ ಅವರಿಗೆ ಜಾಗ ಕೊಟ್ಟರು. ಸ್ವೀಡಿಷ್ ಮೊದಲು ಹೋಯಿತು, ಇಂಗ್ಲಿಷ್ ಆಮೇಲೆ. ಕನ್ನಡ ಉಳಿಯಿತು, ಜೊತೆಗೆ ಗಣಿಯ ಕಾಲನಿಯಲ್ಲಿ ಕಲಿತ ತಮಿಳು. ಅಲ್ಲಿನವರಿಗೆ ಏನೂ ತಿಳಿಯದೆ ನನಗೆ ಫೋನು ಮಾಡುತ್ತಿದ್ದರು. ವಾರಕ್ಕೆರಡು ಸಲ ಹೋಗುತ್ತಿದ್ದೆ.

ಕೊನೆಯ ಸಲ ಹೋದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದು ಕೋಣೆ ಬೆಳ್ಳಗಿತ್ತು. ಅವರು ಮಂಚದ ಅಂಚಿನಲ್ಲಿ ಕೂತಿದ್ದರು. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ, ಎಷ್ಟೋ ತಿಂಗಳಿಂದ ಕೇಳದೆ ಇದ್ದದ್ದನ್ನು ಕೇಳಿದರು. ಪ್ರೆಸ್ಸು ಎಲ್ಲಿ, ಯಾಕೆ ಕೊಟ್ಟೆವು, ಯಾರು ಹೇಳಿದ್ದು. ನಾನು ಹೇಳಿದೆ. ಅವರು ತಿರುಗಿ ನನ್ನ ಮುಖ ನೋಡಿದರು. ಬಾಗಿಲು ಎಷ್ಟು ದೂರ ಇದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಹೆದ್ರಿಕೊಂಡಿದ್ಯಾ ಆಗ?"

"ತುಂಬಾ ಆಂಟಿ."

"ಈಗ?"

"ಈಗ್ಲೂ."

ಅವರು ಎರಡೂ ಕೈ ಹಾಸಿಗೆಗೆ ಊರಿ, ಕಷ್ಟಪಟ್ಟು ಒಂದಿಷ್ಟು ಪಕ್ಕಕ್ಕೆ ಸರಿದರು. ಸರಿದ ಜಾಗವನ್ನು ಅಂಗೈಯಿಂದ ತಟ್ಟಿದರು.

"ಬಾ. ಇಲ್ಲಿ ಕೂತ್ಕೋ."

ಕೂತೆ. ಅವರ ಭುಜ ನನ್ನ ಭುಜಕ್ಕೆ ತಾಗಿತು. ಸ್ವಲ್ಪ ಹೊತ್ತಿಗೆ ಅವರಿಗೆ ತೂಕಡಿಕೆ ಬಂದು ತಲೆ ನನ್ನ ಕಡೆ ವಾಲಿತು. ಆರೈಕೆ ಮನೆಯ ಹುಡುಗಿಯೊಬ್ಬಳು ಬಂದು ಇಣುಕಿ, ಬಾಗಿಲು ಮುಂದೆ ಮಾಡಿಕೊಂಡು ಹೋದಳು. ನಾನು ಹಿಡಿಯಬೇಕಿದ್ದ ಬಸ್ಸು ಕಿಟಕಿಯಾಚೆ ಬಂದು ನಿಂತು, ಯಾರನ್ನೋ ಹತ್ತಿಸಿಕೊಂಡು, ಹೊರಟು ಹೋಯಿತು.